ನಲವತ್ತು ಹೆಂಗಸರು, ಒಂದು ಚಿಲಕ

ಆಮೆಯಕ್ಕನಿಗೆ ಆ ಹೆಸರು ನಡಿಗೆಯಿಂದ ಬಂದದ್ದಲ್ಲ. ಹನ್ನೊಂದು ವರ್ಷದಿಂದ ಊರ ಕೆರೆಯ ಆಮೆಗಳನ್ನು ಎಣಿಸುವುದು ಅವಳ ಉದ್ಯೋಗ. ಸೊಂಟದವರೆಗಿನ ನೀರಿನಲ್ಲಿ ನಿಂತು ಹನ್ನೊಂದು ವರ್ಷ ಕಳೆದರೆ ಯಾರ ನಡಿಗೆಯಾದರೂ ನಿಧಾನವಾಗುತ್ತದೆ, ಅದು ಬೇರೆ ಮಾತು.

ಆಮೆ ಎಣಿಸುವುದೆಂದರೆ ಮನೆಯ ಚಮಚ ಎಣಿಸಿದಂತಲ್ಲ. ಆಮೆಗಳು ಸಾಲಾಗಿ ನಿಲ್ಲುವುದಿಲ್ಲ. ಹಾಗಾಗಿ ಅದಕ್ಕೊಂದು ವಿಧಾನವಿದೆ. ಮೊದಲು ಬೋನಿಟ್ಟು ಸಿಕ್ಕ ಆಮೆಗಳ ಚಿಪ್ಪಿನ ಮೇಲೆ ಬಣ್ಣದ ಚುಕ್ಕೆ ಇಟ್ಟು ಬಿಟ್ಟುಬಿಡಬೇಕು. ತಿಂಗಳಾದ ಮೇಲೆ ಮತ್ತೆ ಬೋನು. ಈ ಸಲ ಸಿಕ್ಕ ಹತ್ತು ಆಮೆಗಳಲ್ಲಿ ಒಂದಕ್ಕೆ ಮಾತ್ರ ಚುಕ್ಕೆ ಇದ್ದರೆ, ಮೊದಲು ಹಿಡಿದದ್ದು ಕೆರೆಯ ಒಟ್ಟು ಆಮೆಗಳ ಹತ್ತರಲ್ಲಿ ಒಂದು ಪಾಲು ಎಂದರ್ಥ. ಮೊದಲು ಮೂವತ್ತು ಹಿಡಿದಿದ್ದರೆ ಕೆರೆಯಲ್ಲಿ ಮುನ್ನೂರು. ಆಮೆಯಕ್ಕ ಕಣ್ಣಾರೆ ಒಟ್ಟಿಗೆ ಕಂಡದ್ದು ಹನ್ನೆರಡಕ್ಕಿಂತ ಹೆಚ್ಚಿಲ್ಲ. ಆದರೂ ಪ್ರತಿ ವರ್ಷ ಮುನ್ನೂರು ಚಿಲ್ಲರೆ ಎಂದು ಬರೆದು ಕಳಿಸುತ್ತಿದ್ದಳು, ಯಾರೂ ತಕರಾರು ಮಾಡಿರಲಿಲ್ಲ. ಹೀಗಾಗಿ ಅವಳಿಗೆ ತನ್ನ ಕಣ್ಣಿಗಿಂತ ವಿಧಾನದ ಮೇಲೆ ನಂಬಿಕೆ ಜಾಸ್ತಿಯಾಗಿತ್ತು. ಮುಂದಿನ ಅನಾಹುತಕ್ಕೆಲ್ಲ ಈ ನಂಬಿಕೆಯೇ ಮೂಲ.

ಕೆರೆಯ ಕೆಲಸಕ್ಕೆ ಇನ್ನೂ ಮೂವರು ಹೆಂಗಸರಿದ್ದರು. ದಡದಲ್ಲಿ ಸಸಿ ಬೆಳೆಸುವ ನರ್ಸರಿಯವಳು. ದೋಣಿಯಲ್ಲಿ ಹೋಗಿ ಕಳೆ ಕೀಳುವ ದೋಣಿಯವಳು. ಮನೆಗಳಿಗೆ ನುಗ್ಗಿದ ಹಾವು ಹಿಡಿದು ಕೆರೆಯಾಚೆಯ ಪೊದೆಗೆ ಬಿಡುವ ಹಾವಿನಜ್ಜಿ. ಅಜ್ಜಿಗೆ ಅರವತ್ತಾಗಲು ಇನ್ನೂ ಎರಡು ವರ್ಷವಿತ್ತು, ಆದರೆ ಹಾವು ಹಿಡಿಯುವವಳಿಗೆ ಊರು ಬೇಗ ವಯಸ್ಸು ಕೊಡುತ್ತದೆ. ನಾಲ್ವರೂ ವರ್ಷಗಟ್ಟಲೆ ಒಬ್ಬರಿಗೊಬ್ಬರು ದೂರದಿಂದ ಕೈ ಬೀಸುತ್ತಿದ್ದರೇ ಹೊರತು ಕೂತು ಮಾತಾಡಿರಲಿಲ್ಲ. ಆಮೆಯಕ್ಕ ಒಂದು ತರಬೇತಿಗೆ ಹೋಗಿ ಬಂದವಳು, ಅಲ್ಲಿ ಯಾರೋ ದೊಡ್ಡವರು ಸಂರಕ್ಷಣೆಯ ಹೆಂಗಸರು ಊರೂರಲ್ಲಿ ಸಂಪರ್ಕ ಬಳಗ ಕಟ್ಟಿಕೊಳ್ಳಬೇಕು ಎಂದರಂತೆ. ಉಳಿದವರು ಕೇಳಿ ಊಟಕ್ಕೆ ಎದ್ದರು. ಇವಳು ಬರೆದುಕೊಂಡಳು.

ಮೊದಲ ಸಭೆ ಹೊಲಿಗೆ ತರಗತಿಯ ಹಾಲಿನಲ್ಲಿ, ತರಗತಿ ಶುರುವಾಗುವ ಒಂದು ಗಂಟೆ ಮುಂಚೆ. ಸಂಪರ್ಕ ಅಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆಮೆಯಕ್ಕ ನಾಲ್ಕು ಹಸಿರು ರಿಬ್ಬನ್ ತಂದಿದ್ದಳು, ಸದಸ್ಯರ ಗುರುತಿಗೆ. ಮೂವರ ಕೈಗೂ ಕಟ್ಟಿದಳು, ತನ್ನದಕ್ಕೂ ಕಟ್ಟಿಕೊಂಡಳು.

"ಈಗ ಏನು?" ಎಂದಳು ದೋಣಿಯವಳು.

"ಈಗ ಕಷ್ಟಸುಖ ಹಂಚ್ಕೋಬೇಕು."

"ಸುಖದವರು ಮೊದಲು ಹೇಳಿ," ಎಂದಳು ಹಾವಿನಜ್ಜಿ.

ಸುಖದ ಸರದಿ ಹಾಗೇ ದಾಟಿ ಕಷ್ಟದ್ದು ಬಂತು. ಆಮೇಲೆ ನರ್ಸರಿಯವಳು, ಡಾಕ್ಟರು ತನಗೆ ದಿನಕ್ಕೆ ಎಂಟು ಲೋಟ ನೀರು ಕುಡಿ ಅಂದಿದ್ದಾರೆ, ತಾನು ಕೆಲಸದ ದಿನ ಒಂದೂ ಕುಡಿಯುವುದಿಲ್ಲ ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಉಳಿದ ಮೂವರೂ ಕುಡಿಯುತ್ತಿರಲಿಲ್ಲ. ಕೆರೆ ಕಚೇರಿಯ ಟಾಯ್ಲೆಟ್ಟಿನಲ್ಲಿ ಹಳೇ ಕಡತ ತುಂಬಿ ಬೀಗ ಹಾಕಿ ಎರಡು ವರ್ಷವಾಗಿತ್ತು. ಗಂಡಸರಿಗೆ ಊರೆಲ್ಲ ಗೋಡೆ. ಹೆಂಗಸರು ದೋಣಿ ಶೆಡ್ಡಿನ ಹಿಂದೆ ಒಬ್ಬರು ಟವೆಲ್ ಹಿಡಿದು ಇನ್ನೊಬ್ಬರು ಒದ್ದೆ ಬಟ್ಟೆ ಬದಲಿಸಬೇಕು. ಒಬ್ಬಳೇ ಇದ್ದ ದಿನ ಒದ್ದೆ ಬಟ್ಟೆಯಲ್ಲೇ ಬಸ್ಸು ಹತ್ತಬೇಕು. ಅಷ್ಟು ದೊಡ್ಡ ಕೆರೆಯ ದಡದಲ್ಲಿ ನಾಲ್ಕು ಜನ ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೊಂಡು ಕೂತಿದ್ದರು ಎಂಬುದು ಬಳಗದ ಮೊದಲ ಸಂಶೋಧನೆ.

"ನಮಗೆ ಸಂಪರ್ಕ ಬೇಡ ಕಣೇ," ಎಂದಳು ಹಾವಿನಜ್ಜಿ. "ಚಿಲಕ ಇರೋ ಒಂದು ಬಾಗಿಲು ಬೇಕು."

ಬಾಗಿಲು ಇತ್ತು. ಕಚೇರಿಯ ಪಕ್ಕದಲ್ಲಿ ಹಿಂದೆ ಯಾವುದೋ ಕಾಲದ ಇಂಜಿನಿಯರು ತಂಗುತ್ತಿದ್ದ ಕೋಣೆ. ಮೂಲೆಯಲ್ಲಿ ಪುಟ್ಟ ಟಾಯ್ಲೆಟ್ಟು, ನಲ್ಲಿ, ನಲ್ಲಿಯಲ್ಲಿ ನೀರು. ಈಗ ಅದರ ತುಂಬ ಮುರಿದ ಬೋರ್ಡುಗಳು: ಇಲ್ಲಿ ಈಜಬೇಡಿ, ಇಲ್ಲಿ ಕಸ ಎಸೆಯಬೇಡಿ, ಇಲ್ಲಿ ನಿಲ್ಲಬೇಡಿ. ಆಮೆಯಕ್ಕ ಕಚೇರಿಯ ಗುಮಾಸ್ತರ ಮುಂದೆ ಹೋಗಿ ನಿಂತಳು. ಗುಮಾಸ್ತರು ಕೆಟ್ಟವರಲ್ಲ. ಅವರಿಗೆ ನಿಯಮವೆಂದರೆ ಪ್ರಾಣ, ಅಷ್ಟೇ.

"ಮಹಿಳಾ ಬಳಗಕ್ಕೆ ಕೋಣೆ ಕೊಡಬಹುದು. ಸುತ್ತೋಲೆ ಇದೆ," ಎಂದರು ಕನ್ನಡಕ ಏರಿಸಿ. "ಕನಿಷ್ಠ ಮೂವತ್ತು ಸದಸ್ಯರಿರಬೇಕು. ನೀವು ಎಷ್ಟು ಜನ?"

"ಎಣಿಸಿ ಹೇಳ್ತೀನಿ ಸಾರ್," ಎಂದಳು ಆಮೆಯಕ್ಕ.

ಎರಡನೇ ಸಭೆಗೆ ಹತ್ತು ಜನ ಇದ್ದರು. ಆರು ಜನ ಹೊಲಿಗೆ ತರಗತಿಗೆ ಬೇಗ ಬಂದು ಫ್ಯಾನಿನ ಕೆಳಗೆ ಕೂತವರು, ಆದರೆ ಕೂತಿದ್ದರು ಎಂಬುದು ನಿಜ. ಆಮೆಯಕ್ಕ ರಿಬ್ಬನ್ ಹುಡುಕಿದಳು. ನರ್ಸರಿಯವಳ ರಿಬ್ಬನ್ ಒಂದು ಬಗ್ಗಿದ ಸಸಿಯನ್ನು ಕೋಲಿಗೆ ಕಟ್ಟಲು ಹೋಗಿತ್ತು. ದೋಣಿಯವಳದು ಕೆರೆಗೆ ಬಿದ್ದಿತ್ತು. ಹಾವಿನಜ್ಜಿಯ ಚೀಲದ ದಾರ ಹರಿದಿದ್ದರಿಂದ ಅವಳ ರಿಬ್ಬನ್ ಚೀಲದ ಬಾಯಿಗೆ ಬಿಗಿದಿತ್ತು. ಅದನ್ನು ಬಿಚ್ಚಿ ಕೈಗೆ ಕಟ್ಟಿಕೊಳ್ಳಲು ಆಗ ಸಮಯ ಸರಿಯಿರಲಿಲ್ಲ, ಒಳಗೆ ಒಬ್ಬರಿದ್ದರು.

ಹತ್ತು ಜನರಲ್ಲಿ ರಿಬ್ಬನ್ ಇದ್ದದ್ದು ಒಂದೇ ಕೈಗೆ. ಅದು ಆಮೆಯಕ್ಕನದೇ.

ಆ ಸಂಜೆ ಅವಳು ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿ ಕೂತಳು. ಸದಸ್ಯರ ಸಂಖ್ಯೆ ಎಂಬ ಖಾಲಿ ಜಾಗ ನೋಡುತ್ತಾ ಅವಳ ಕಣ್ಣು ಮುಚ್ಚುತ್ತಿತ್ತು. ನಾಲ್ಕು ಎಂದು ಬರೆಯಬಹುದಿತ್ತು. ಆದರೆ ಆ ಮೂವರು ತನ್ನವರೆಂದು ಹೇಳುವುದು ಹೇಗೆ? ಮುಖ ನೋಡಿ ಗುರುತು ಹಿಡಿದೆ ಅನ್ನಬೇಕು. ಮುಖ ನೋಡಿ ಗುರುತು ಹಿಡಿಯುವುದು ಲೆಕ್ಕವಲ್ಲ ಎಂದು ಹನ್ನೊಂದು ವರ್ಷದಿಂದ ಅವಳೇ ಎಷ್ಟು ಜನ ಸಹಾಯಕರನ್ನು ಗದರಿಸಿರಲಿಲ್ಲ! ಚುಕ್ಕೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗುರುತು ಹಾಕಿದ್ದು ನಾಲ್ಕು. ಮತ್ತೆ ಸಿಕ್ಕಿದ್ದು ಹತ್ತು. ಅದರಲ್ಲಿ ಗುರುತಿನದು ಒಂದು. ಕೈ ತಾನಾಗಿ ನಲವತ್ತು ಎಂದು ಬರೆಯಿತು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಲೆಕ್ಕ ಮಾಡಿದಳು. ನಲವತ್ತೇ. ಊರಲ್ಲಿ ಎಲ್ಲೋ ಇನ್ನೂ ಮೂವತ್ತಾರು ಜನ ಸಂರಕ್ಷಣೆಯ ಹೆಂಗಸರು ಕಣ್ಣಿಗೆ ಬೀಳದೆ ಓಡಾಡುತ್ತಿದ್ದಾರೆ ಎಂದು ಅವಳಿಗೆ ಒಂದು ಕ್ಷಣ ಸಂತೋಷವೇ ಆಯಿತು. ಸಹಿ ಹಾಕಿ ಮಲಗಿಬಿಟ್ಟಳು.

ಸರ್ಕಾರಿ ಕಾಗದ ಸಾಮಾನ್ಯವಾಗಿ ಹೋದ ದಾರಿಯಲ್ಲಿ ನಿದ್ದೆ ಹೋಗುತ್ತದೆ. ಇದು ಹೋಗಲಿಲ್ಲ. ನಲವತ್ತು ಎಂಬ ಸಂಖ್ಯೆ ನೋಡಿ ಮೇಲಿನ ಕಚೇರಿಯವರು ಬೆಚ್ಚಿಬಿದ್ದು, ಇಡೀ ವಿಭಾಗದಲ್ಲೇ ಇಷ್ಟು ದೊಡ್ಡ ಬಳಗ ಇನ್ನೊಂದಿಲ್ಲ, ಮುಂದಿನ ವಾರ ಮೇಲಧಿಕಾರಿಗಳು ಖುದ್ದಾಗಿ ಬಂದು ನಲವತ್ತೂ ಸದಸ್ಯರನ್ನು ಕಾಣುತ್ತಾರೆ ಎಂದು ಉತ್ತರ ಬರೆದರು.

ಕೆರೆ ಕಚೇರಿಯ ಸಾಹೇಬರು ಆಮೆಯಕ್ಕನನ್ನು ಕರೆದು ಮೊದಲ ಬಾರಿಗೆ ಕುರ್ಚಿ ತೋರಿಸಿದರು.

"ನಲವತ್ತು ಜನ ಇದ್ದೀರಿ, ನನಗೇ ಗೊತ್ತಿಲ್ಲ ನೋಡಿ."

"ಸಾರ್, ಅದು ಅಂದಾಜು. ಕಣ್ಣಿಗೆ ಕಾಣೋದು ನಾಲ್ಕೇ."

"ಇರಲಿ ಇರಲಿ, ಹೆಂಗಸರು ಹಾಗೇ ತಗ್ಗಿ ಮಾತಾಡ್ತೀರಿ. ಬ್ಯಾನರಿಗೆ ಹೇಳಿದ್ದೀನಿ. ನನ್ನ ಫೋಟೋ ಸಣ್ಣದಾಗಿರಲಿ ಅಂದೆ, ಅವರು ಕೇಳಲಿಲ್ಲ."

ಮನೆಯಲ್ಲಿ ಗಂಡ ಕಾಗದ ಎರಡು ಸಲ ಓದಿದ. ಅವನದು ಗಡಿಯಾರ ರಿಪೇರಿಯ ಅಂಗಡಿ. ಎಲ್ಲಿ ಕೆಟ್ಟಿದೆ ಎಂಬುದು ನೋಡಿದೊಡನೆ ಅವನಿಗೆ ಗೊತ್ತಾಗುತ್ತಿತ್ತು.

"ಇದನ್ನ ಇಲ್ಲಿಗೇ ನಿಲ್ಸು. ತಪ್ಪಾಯ್ತು ಅಂತ ಬರಿ," ಎಂದ.

"ಬರೆದ್ರೆ ಕೋಣೆ ಹೋಗುತ್ತೆ ರೀ."

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಒಳಗಿನಿಂದ ಅತ್ತೆಯ ಧ್ವನಿ ಬಂತು. ಅತ್ತೆ ಈ ಗಾದೆಯನ್ನು ಹನ್ನೊಂದು ವರ್ಷದಿಂದ ಹೇಳುತ್ತಾ ಬಂದಿದ್ದರು. ಆದರೆ ಈ ಸಲ ಗಾದೆ ಮುಗಿಸಿ ಹೊರಗೇ ಬಂದರು. "ಎಷ್ಟು ಜನ ಬೇಕು?"

"ಮೂವತ್ತಾರು, ಅತ್ತೆ."

"ಇಷ್ಟೇ ತಾನೆ. ನಿನ್ನ ನಾದಿನಿ ಮದುವೆಗೆ ನಾನು ಎರಡು ದಿನದಲ್ಲಿ ಮುನ್ನೂರು ಜನ ಸೇರಿಸಿದೋಳು."

ಅತ್ತೆಗೆ ಒಂದು ಕೆಲಸ ಒಪ್ಪಿಸಬಾರದು, ಒಪ್ಪಿಸಿದ ಮೇಲೆ ತಡೆಯಬಾರದು. ಮರುದಿನ ಬೆಳಿಗ್ಗೆಯೇ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಬಳಗದ ಸುದ್ದಿ ಮುಟ್ಟಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಪದವಿಗಳಿಗೆ ಜಗಳ ಶುರುವಾಯಿತು. ಮೂರನೇ ಮನೆಯ ನಿವೃತ್ತ ಹೆಡ್‌ಮಿಸ್ ತಾವು ಅಧ್ಯಕ್ಷರಾಗದಿದ್ದರೆ ಬರುವುದೇ ಇಲ್ಲ ಎಂದರು. ನಾದಿನಿ, ತನ್ನ ಅಮ್ಮ ಸೇರಿಸಿದ ಜನ, ಆದ್ದರಿಂದ ಅಧ್ಯಕ್ಷೆ ತಾನೇ ಎಂದಳು. ಕೊನೆಗೆ ಅತ್ತೆ ಇಬ್ಬರನ್ನೂ ಉಪಾಧ್ಯಕ್ಷೆ ಮಾಡಿ ಅಧ್ಯಕ್ಷಸ್ಥಾನ ತಾವೇ ಇಟ್ಟುಕೊಂಡರು. ಆಮೆಯಕ್ಕನಿಗೆ ಯಾವ ಪದವಿಯೂ ಉಳಿಯಲಿಲ್ಲ. ಅವಳು ಕೇಳಲೂ ಇಲ್ಲ, ಆ ಹೊತ್ತಿಗೆ ನೀರಿನಲ್ಲಿದ್ದಳು.

ಆ ದಿನ ಬಂತು. ಕಚೇರಿಯ ಅಂಗಳದಲ್ಲಿ ಶಾಮಿಯಾನ, ಶಾಮಿಯಾನದ ಮೇಲೆ ಬ್ಯಾನರು, ಬ್ಯಾನರಿನ ಮೇಲೆ ಸಾಹೇಬರು. ಕೆಳಮೂಲೆಯಲ್ಲಿ ಒಂದು ಆಮೆ ಇತ್ತು, ಅದರ ತಲೆ ಒಳಗೆ ಹೋಗಿತ್ತು. ಅತ್ತೆ ಮೂವತ್ತಾರಕ್ಕೆ ನಿಲ್ಲದೆ ಕರೆತಂದವರು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸಾಲಾಗಿ ಕೂತರು. ಗುಮಾಸ್ತರು ಪಟ್ಟಿ ಹಿಡಿದು ಎಣಿಸಿ ಬೆವರೊರೆಸಿಕೊಂಡರು.

"ಸಾರ್, ನಲವತ್ತಮೂರು ಇದೆ."

"ನಲವತ್ತು ಅಂತಲ್ವಾ ಬರೆದಿದ್ದು?"

"ಹೌದು ಸಾರ್. ಮೂರು ಜಾಸ್ತಿ ಬಂದ್ರೆ ಅರ್ಜಿ ಸುಳ್ಳಾಗುತ್ತೆ."

ಸಾಹೇಬರು ಸಾಲಿನ ಮೇಲೆ ಕಣ್ಣಾಡಿಸಿದರು. ತುದಿಯಲ್ಲಿ ಮೂವರು ನಿಂತಿದ್ದರು. ಒಬ್ಬಳ ಮೊಣಕಾಲಿನವರೆಗೆ ಕೆಸರು, ಒಬ್ಬಳ ಉಗುರಿನಲ್ಲಿ ಗೊಬ್ಬರ, ಒಬ್ಬಳ ಕೈಯಲ್ಲಿ ಅಲ್ಲಾಡುವ ಚೀಲ.

"ಆ ಮೂವರು ಚೆನ್ನಾಗಿ ಕಾಣ್ತಿಲ್ಲ. ಎಲ್ಲಾದ್ರೂ ಒಳಗೆ ಕೂರಿಸಿ," ಎಂದರು.

ಹೀಗೆ ಸಂರಕ್ಷಣೆಯ ಹೆಂಗಸರ ಸಭೆಗೆ ಅಡ್ಡಿಯಾಗಬಾರದೆಂದು ಸಂರಕ್ಷಣೆಯ ಹೆಂಗಸರನ್ನು ಬೋರ್ಡು ತುಂಬಿದ ಕೋಣೆಗೆ ಕಳಿಸಿ ಹೊರಗಿನಿಂದ ಅಗಳಿ ಹಾಕಿದರು. ಆಮೆಯಕ್ಕ ಬಾಯಿ ತೆರೆದಳು, ಆದರೆ ಅಷ್ಟರಲ್ಲಿ ಜೀಪು ಬಂತು.

ಜೀಪಿನಿಂದ ಇಳಿದದ್ದು ಹೆಂಗಸು. ಕಾಗದದಲ್ಲಿ ಮೇಲಧಿಕಾರಿಗಳು ಎಂದಷ್ಟೇ ಇದ್ದದ್ದರಿಂದ ಸಾಹೇಬರು ಭಾಷಣದಲ್ಲಿ ಹನ್ನೆರಡು ಕಡೆ ಮಾನ್ಯ ಮಹನೀಯರೇ ಎಂದು ಬರೆದುಕೊಂಡಿದ್ದರು. ಹನ್ನೆರಡು ಕಡೆಯೂ ಹಾಗೇ ಓದಿದರು. ಐವತ್ತು ದಾಟಿದ ಆ ಮೇಡಂ ಐದು ಗಂಟೆ ಪ್ರಯಾಣ ಮಾಡಿ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಆಗಾಗ ಕಚೇರಿಯ ಕಟ್ಟಡದ ಸುತ್ತ ಏನೋ ಹುಡುಕುವಂತೆ ನೋಡುತ್ತಿದ್ದರು. ಮುಂದಿಟ್ಟ ನೀರಿನ ಲೋಟ ಮುಟ್ಟಲಿಲ್ಲ. ಭಾಷಣದ ಒಂಬತ್ತನೇ ಮಹನೀಯರೇ ಹೊತ್ತಿಗೆ ಅವರ ಮುಖ ಸಣ್ಣದಾಗಿತ್ತು.

ಆಮೇಲೆ ಎದ್ದು ಸಾಲಿನ ಮುಂದೆ ಬಂದರು. "ನೀವು ಏನು ಕೆಲಸ ಮಾಡ್ತೀರಿ?" ಎಂದು ಮೊದಲನೆಯವರನ್ನು ಕೇಳಿದರು.

ಅತ್ತೆ ಎಲ್ಲರಿಗೂ ಧೈರ್ಯ ಹೇಳಿದ್ದರೇ ಹೊರತು ಉತ್ತರ ಹೇಳಿಕೊಟ್ಟಿರಲಿಲ್ಲ.

"ಪ್ಲಾಸ್ಟಿಕ್ ಕವರ್ ಬಿಸಾಕಲ್ಲ ಮೇಡಂ. ಹದಿನೆಂಟು ವರ್ಷದ್ದು ಹಾಸಿಗೆ ಕೆಳಗೆ ಇದೆ. ನಮ್ಮನೆಯವರು ಅದರ ಮೇಲೆ ಮಲಗಿದ್ರೆ ಚರಚರ ಸದ್ದು."

"ನೀವು?"

"ನಮ್ಮತ್ತೆ ಇಟ್ಟುಹೋದ ಉಪ್ಪಿನ ಡಬ್ಬಿನೇ ಇನ್ನೂ ಕಾಪಾಡ್ಕೊಂಡಿದ್ದೀನಿ."

ಹೆಡ್‌ಮಿಸ್ ತಾವು ಮೂವತ್ತು ವರ್ಷ ಶಾಲೆಯ ಶಿಸ್ತನ್ನು ಕಾಪಾಡಿದ್ದಾಗಿ ಹೇಳಿದರು. ನಾದಿನಿ ತನಗೆ ಕಾಡು ಎಂದರೆ ತುಂಬಾ ಇಷ್ಟ, ಆದರೆ ಹುಳ ಇರಬಾರದು ಎಂದಳು. ಮೇಡಂ ಎಲ್ಲವನ್ನೂ ಬರೆದುಕೊಂಡರು. ಹತ್ತನೆಯವರಿಗೆ ಬರುವ ಹೊತ್ತಿಗೆ ಪೆನ್ನು ಜೇಬಿಗೆ ಇಟ್ಟರು.

"ಕೇಳಿರೋ ಕೋಣೆ ಎಲ್ಲಿ? ತೋರಿಸಿ."

ಸಾಹೇಬರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ಆಕಾಶ ನೋಡಿದರು. ಆಮೆಯಕ್ಕ ಮುಂದೆ ನಡೆದಳು, ಇನ್ನು ತಪ್ಪಿಸಲು ಅವಳಲ್ಲಿ ತ್ರಾಣವಿರಲಿಲ್ಲ. ಅಗಳಿ ತೆಗೆದಳು.

ಒಳಗೆ ಇಲ್ಲಿ ನಿಲ್ಲಬೇಡಿ ಎಂಬ ಬೋರ್ಡಿನ ಮೇಲೆ ಮೂವರೂ ಕೂತಿದ್ದರು. ಕೈಕಾಲು ತೊಳೆದು, ಒಣ ಬಟ್ಟೆ ಹಾಕಿಕೊಂಡು, ಒದ್ದೆಯವನ್ನು ಇಲ್ಲಿ ಈಜಬೇಡಿ ಎಂಬುದರ ಮೇಲೆ ಒಣಹಾಕಿದ್ದರು. ನರ್ಸರಿಯವಳು ನಲ್ಲಿಯಿಂದ ಬಾಟಲಿ ತುಂಬಿಸಿ ನೀರು ಕುಡಿಯುತ್ತಿದ್ದಳು, ನಿಧಾನವಾಗಿ, ಪೂರ್ತಿ. ಅವಳು ಹಾಗೆ ನೀರು ಕುಡಿಯುವುದನ್ನು ಆಮೆಯಕ್ಕ ಎಂದೂ ನೋಡಿರಲಿಲ್ಲ.

"ನೀವು ಯಾರು?" ಎಂದರು ಮೇಡಂ.

"ನಾವು ಜಾಸ್ತಿ ಆಗಿರೋರು," ಎಂದಳು ಹಾವಿನಜ್ಜಿ.

ಮೇಡಂ ಮೂಲೆಯ ಪುಟ್ಟ ಬಾಗಿಲನ್ನು ನೋಡಿದರು. ಅದನ್ನು ನೋಡಿದ ರೀತಿ ನಾಲ್ವರಿಗೂ ಅರ್ಥವಾಯಿತು.

"ನಡೆಯುತ್ತೆ ಮೇಡಂ, ನೀರಿದೆ," ಎಂದಳು ದೋಣಿಯವಳು ಮೆಲ್ಲಗೆ. "ಒಳಗಡೆ ಚಿಲಕ ಮಾತ್ರ ಇಲ್ಲ. ನಾವು ನಿಂತ್ಕೋತೀವಿ."

ಸಾಹೇಬರು ಒಳಗೆ ಕಾಲಿಡಲು ಹೊರಟಿದ್ದರು. ಹಾವಿನಜ್ಜಿ ಚೀಲವನ್ನು ಹೊಸ್ತಿಲ ಮೇಲೆ ಇಟ್ಟಳು. ಚೀಲ ಅಲ್ಲಾಡಿತು. ಸಾಹೇಬರು ಶಾಮಿಯಾನದವರೆಗೂ ಹಿಂದೆ ಸರಿದರು. ಅಜ್ಜಿ ಪುಟ್ಟ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಉಳಿದವರು ಟವೆಲ್ ಹಿಡಿದರು.

ಮೇಡಂ ಹೊರಗೆ ಬಂದು ಬೋರ್ಡಿನ ಮೇಲೆ ಕೂತರು. ನರ್ಸರಿಯವಳು ಬಾಟಲಿ ಚಾಚಿದಳು. ಅವರು ಒಂದೇ ಉಸಿರಿಗೆ ಅರ್ಧ ಖಾಲಿ ಮಾಡಿದರು.

"ಬೆಳಿಗ್ಗೆಯಿಂದ ಇದೇ ಮೊದಲು," ಎಂದರು. "ಇಪ್ಪತ್ತಾರು ವರ್ಷದ ಸರ್ವಿಸ್ಸು. ಪ್ರವಾಸ ಇದ್ದ ದಿನ ನಾನು ನೀರು ಕುಡಿದದ್ದೇ ಇಲ್ಲ. ಸಾಕಾಗಿದೆ ನನಗೆ."

ಆಮೆಯಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ರಿಬ್ಬನ್, ಫ್ಯಾನು, ಹತ್ತರಲ್ಲಿ ಒಂದು, ಎಲ್ಲವನ್ನೂ ಹೇಳಿ, "ನಾವಿರೋದು ನಾಲ್ಕೇ ಜನ ಮೇಡಂ. ಇಲ್ಲಿರೋ ನಾವೇ," ಎಂದು ತಲೆ ತಗ್ಗಿಸಿದಳು.

"ನಾನು ಆರು ವರ್ಷ ನೀರುನಾಯಿ ಎಣಿಸಿದ್ದೀನಿ," ಎಂದರು ಮೇಡಂ. "ಈ ಲೆಕ್ಕದ ಮೊದಲನೇ ಷರತ್ತು ಏನು?"

ಆಮೆಯಕ್ಕ ಶಾಲೆಯ ಹುಡುಗಿಯಂತೆ ಹೇಳಿದಳು, "ಹಾಕಿದ ಗುರುತು ಬಿದ್ದುಹೋಗಬಾರದು."

"ಹೂಂ," ಎಂದು ಮೇಡಂ ಹಾವಿನಚೀಲದ ಬಾಯಿಗೆ ಕಟ್ಟಿದ್ದ ಹಸಿರು ರಿಬ್ಬನ್ನನ್ನು ನೋಡಿದರು. ಅವರಿಗೆ ನಗು ಬಂತು. ನಕ್ಕು ಅಭ್ಯಾಸ ತಪ್ಪಿದವರ ನಗು, ಕೆಮ್ಮಿನ ಹಾಗೆ ಶುರುವಾಗಿ ತುಂಬಾ ಹೊತ್ತಿನವರೆಗೆ ನಿಲ್ಲಲೇ ಇಲ್ಲ.

ನಗು ಮುಗಿದ ಮೇಲೆ ಗುಮಾಸ್ತರನ್ನು ಬಾಗಿಲಾಚೆಯಿಂದಲೇ ವಿಚಾರಿಸಿದರು. ಗುಮಾಸ್ತರು ಚೀಲದ ಮೇಲೆ ಕಣ್ಣಿಟ್ಟು ನಿಯಮ ಹೇಳಿದರು. ನಲವತ್ತು ಜನ ಎಂದಾದರೆ ತಲೆಗೆ ಇಷ್ಟು ಅಡಿ ಎಂಬ ಲೆಕ್ಕದಲ್ಲಿ ಈ ಕೋಣೆ ಸಾಲದು, ಕೊಡುವಂತಿಲ್ಲ. ನಾಲ್ಕೇ ಜನ ಎಂದಾದರೆ ಮೂವತ್ತಕ್ಕೆ ಇಪ್ಪತ್ತಾರು ಕಡಿಮೆ, ಕೊಡುವಂತಿಲ್ಲ. ಅತ್ತ ದರಿ ಇತ್ತ ಪುಲಿ.

"ಮೂವತ್ತು ಅಂತ ಇದ್ದಿದ್ರೆ?"

"ಮೂವತ್ತು ಜನಕ್ಕೂ ಕೋಣೆ ಸಾಲಲ್ಲ ಮೇಡಂ. ಲೆಕ್ಕ ಹಾಕಿದೆ. ಇಲ್ಲಿ ಆರು ಜನ ಹಿಡೀತಾರೆ."

"ಅಂದ್ರೆ ಈ ಸುತ್ತೋಲೆ ಪ್ರಕಾರ ಯಾವ ಹೆಂಗಸರಿಗೂ ಈ ಕೋಣೆ ಕೊಡೋಕಾಗಲ್ಲ."

"ಆಗಲ್ಲ ಮೇಡಂ," ಎಂದರು ಗುಮಾಸ್ತರು ಬೇಸರದಿಂದಲೇ.

ನರ್ಸರಿಯವಳು ಬಾಟಲಿಗೆ ಮುಚ್ಚಳ ಹಾಕಿದಳು. ದೋಣಿಯವಳು ಒಣಹಾಕಿದ ಬಟ್ಟೆ ಎತ್ತಿಕೊಳ್ಳತೊಡಗಿದಳು. ಅವರಿಗೆ ಇಂಥದ್ದು ಹೊಸದಲ್ಲ. ಆಮೆಯಕ್ಕ ಮಾತ್ರ ಕೂತಲ್ಲೇ ಮತ್ತೆ ಲೆಕ್ಕ ಹಾಕಿದಳು. ನಾಲ್ಕು ಎಂದು ಬರೆದಿದ್ದರೂ ಸಿಗುತ್ತಿರಲಿಲ್ಲ, ನಲವತ್ತು ಎಂದು ಬರೆದೂ ಸಿಗಲಿಲ್ಲ, ನಡುವೆ ಸುಮ್ಮನೆ ಇಡೀ ಬೀದಿಗೆ ಇಸ್ತ್ರಿ ಖರ್ಚು.

ಮೇಡಂ ಏಳಲಿಲ್ಲ. "ಆಮೆಗೆ ಏನು ನಿಯಮ ಇದೆ?" ಎಂದರು.

"ಮೇಡಂ?"

"ಆಮೆ ತೂಕ ಮಾಡೋಕೆ, ಗುರುತು ಹಾಕೋಕೆ ಕೋಣೆ ಬೇಕು ಅಂದ್ರೆ?"

ಗುಮಾಸ್ತರ ಮುಖ ಅರಳಿತು. "ಅದು ಸುಲಭ ಮೇಡಂ. ಒಂದು ಸಾಲು ಬರೆದ್ರೆ ಸಾಕು. ಆಮೆಗೆ ಕನಿಷ್ಠ ಸಂಖ್ಯೆ ಇಲ್ಲ."

ಮೇಡಂ ಜೇಬಿನಿಂದ ಪೆನ್ನು ತೆಗೆದರು.

ಆದೇಶ ಮೂರನೇ ವಾರ ಬಂತು. ಸದರಿ ಕೋಣೆಯನ್ನು ಆಮೆಗಳ ಉಪಯೋಗಕ್ಕೆ ಮೀಸಲಿಡಲಾಗಿದೆ. ಆಮೆಗಳು ಸಂಕೋಚದ ಪ್ರಾಣಿಗಳಾದ್ದರಿಂದ ಎರಡೂ ಬಾಗಿಲುಗಳಿಗೆ ಒಳಗಿನಿಂದ ಚಿಲಕ ಹಾಕಿಸತಕ್ಕದ್ದು. ಒಂದು ಕನ್ನಡಿ, ಬಟ್ಟೆ ತೂಗುಹಾಕಲು ನಾಲ್ಕು ಮೊಳೆ, ಕುಡಿಯುವ ನೀರಿನ ಹೂಜಿ ಒದಗಿಸತಕ್ಕದ್ದು. ಸಾಹೇಬರು ಸಹಿ ಮಾಡಿದರು. ಆಮೆಗೆ ಕನ್ನಡಿ ಯಾಕೆ ಎಂದು ಅವರು ಕೇಳಲಿಲ್ಲ, ಗುಮಾಸ್ತರೂ ಕೇಳಲಿಲ್ಲ. ಹೆಂಗಸರಿಗೆ ಎಂದಿದ್ದರೆ ಇಬ್ಬರೂ ಕೇಳುತ್ತಿದ್ದರು.

ದೊಡ್ಡ ಬಳಗ ಆಮೆಯಕ್ಕ ಇಲ್ಲದೆಯೇ ಇನ್ನೂ ನಡೆಯುತ್ತಿದೆ. ಅತ್ತೆ ಅಧ್ಯಕ್ಷೆ, ಇಬ್ಬರು ಉಪಾಧ್ಯಕ್ಷೆಯರ ನಡುವೆ ಮಾತಿಲ್ಲ, ಪ್ಲಾಸ್ಟಿಕ್ ಕವರಿನವರು ಈಚೆಗೆ ಎಲ್ಲರ ಕವರನ್ನೂ ಕೂಡಿಡಲು ಶುರುಮಾಡಿದ್ದಾರೆ. ಗಂಡ ಕೋಣೆಗೆಂದು ನಿಂತುಹೋದ ಒಂದು ಗಡಿಯಾರ ರಿಪೇರಿ ಮಾಡಿ ಕೊಟ್ಟ.

ಕೋಣೆಯಲ್ಲಿ ಒಂದು ರಿಜಿಸ್ಟರು ಇದೆ. ಕೋಣೆ ಉಪಯೋಗಿಸಿದ ಆಮೆಗಳ ಸಂಖ್ಯೆಯನ್ನು ದಿನವೂ ಬರೆಯಬೇಕು, ಇದು ಗುಮಾಸ್ತರ ಷರತ್ತು. ಆಮೆಯಕ್ಕ ಸಂಜೆ ಒಣ ಬಟ್ಟೆ ಹಾಕಿಕೊಂಡು, ಒಂದು ಲೋಟ ನೀರು ಕುಡಿದು, ಸುತ್ತ ಕೂತವರ ಮುಖ ನೋಡಿ ಎಣಿಸುತ್ತಾಳೆ. ಗುಣಾಕಾರ ಮಾಡುವುದಿಲ್ಲ. ನಾಲ್ಕು ಎಂದು ಬರೆಯುತ್ತಾಳೆ. ವರ್ಷಕ್ಕೊಮ್ಮೆ ಆಮೆಗಳ ತಪಾಸಣೆಗೆಂದು ಮೇಲಿನಿಂದ ಜೀಪು ಬರುತ್ತದೆ. ಆ ಒಂದು ದಿನ ಮಾತ್ರ, ಐದು.